ಸ್ಟೋನ್‌ಗೆ ಹೋಮ್ ಪ್ರಾಸವಾಗುತ್ತದೆಯೇ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಶಾಲೆಯ ವಾರ್ಷಿಕ ಸಂಚಿಕೆಗೆಂದು ಚಿತ್ರದುರ್ಗದ ಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಎಂಟು ಸಾಲಿನ ಪದ್ಯ ಬರೆಯುತ್ತಿದ್ದಾಳೆ. ಮೊದಲ ಸಾಲು ‘ಸ್ಟೋನ್’ ಎಂಬ ಪದಕ್ಕೆ ಬಂದು ನಿಂತಿತು. ಅದಕ್ಕೆ ಪ್ರಾಸವಾಗಿ ‘ಗಾನ್’ ಎಂದು ಬರೆದಳು, ಮೇಷ್ಟ್ರು ಹೊಡೆದುಹಾಕಿದರು. ‘ಹೋಮ್’ ಎಂದು ತಿದ್ದಿದಳು, ಅದನ್ನೂ ಒಪ್ಪಲಿಲ್ಲ. ಎರಡೂ ತಪ್ಪೇ? ಇಂಗ್ಲಿಷ್ ಪದಕ್ಕೆ ಪ್ರಾಸ ಹುಡುಕುವುದಕ್ಕೆ ಒಂದು ದಾರಿ ಅಂತ ಇದೆಯೇ? ನಮ್ಮ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.
— ಹೊಸದುರ್ಗದ ಓದುಗರೊಬ್ಬರು

ಉತ್ತರ: ‘ಗಾನ್’ ಪ್ರಾಸವಲ್ಲ, ಮೇಷ್ಟ್ರು ಹೇಳಿದ್ದು ಸರಿ. ‘ಹೋಮ್’ ವಿಷಯದಲ್ಲಿ ಮಾತ್ರ ನಾನು ನಿಮ್ಮ ಮಗಳ ಕಡೆ. ಅದು ಪೂರ್ಣ ಪ್ರಾಸವಲ್ಲ, ಆದರೆ ಇಂಗ್ಲಿಷಿನ ದೊಡ್ಡ ಕವಿಗಳೇ ಬೇಕೆಂದು ಬಳಸಿದ ಸಮೀಪ ಪ್ರಾಸದ ಜಾತಿಗೆ ಸೇರಿದ್ದು. ಆ ಹುಡುಗಿಯ ಕಿವಿ ಚೆನ್ನಾಗಿದೆ.

ಮೊದಲು ‘ಗಾನ್’ ಯಾಕೆ ಬಿದ್ದುಹೋಯಿತು ನೋಡೋಣ. ಸ್ಟೋನ್, ಗಾನ್, ಡನ್, ವನ್ ಈ ನಾಲ್ಕೂ ಪದಗಳು ಇಂಗ್ಲಿಷ್ ಬರಹದಲ್ಲಿ ಓ, ಎನ್, ಇ ಎಂಬ ಮೂರು ಅಕ್ಷರಗಳಲ್ಲೇ ಮುಗಿಯುತ್ತವೆ. ಕಣ್ಣಿಗೆ ಒಂದೇ, ಕಿವಿಗೆ ಬೇರೆ ಬೇರೆ. ಇಂಗ್ಲಿಷಿನ ಉಚ್ಚಾರಣೆ ಶತಮಾನಗಳಿಂದ ಬದಲಾಗುತ್ತ ಬಂತು, ಅಚ್ಚುಮನೆಯಿಂದಾಗಿ ಬರಹ ಬಹುಪಾಲು ಹಳೆಯ ರೂಪದಲ್ಲೇ ನಿಂತುಬಿಟ್ಟಿತು. ಹೀಗೆ ಕಣ್ಣಿಗಷ್ಟೇ ಕಾಣುವ ಪ್ರಾಸಗಳು ಅಲ್ಲಿ ನೂರಾರು. ಲವ್ ಮತ್ತು ಮೂವ್ ಹಾಗೆ. ಡಾಟರ್ ಮತ್ತು ಲಾಫ್ಟರ್ ಹಾಗೆ. ಹಿರಿಯೂರಿನಿಂದ ದುರ್ಗಕ್ಕೆ ಬರುವಾಗ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳ ಮೇಲೆ ಪದ್ಯ ಬರೆಯ ಹೊರಟವರು ‘ವಿಂಡ್’ಗೆ ‘ಮೈಂಡ್’ ಜೋಡಿಸಿದರೆ ಅದೂ ಹಾಗೆಯೇ.

ಇದಕ್ಕೆ ನಿಮ್ಮ ಮನೆಯಲ್ಲೇ ಒಂದು ಒಳ್ಳೆಯ ಉಪಾಯವಿದೆ. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು. ನಮ್ಮ ಲಿಪಿ ದನಿಯನ್ನು ಬರೆಯುತ್ತದೆ. ಸ್ಟೋನ್, ಗಾನ್, ಡನ್ ಎಂದು ಬರೆದ ಕೂಡಲೇ ಮೋಸ ಬಯಲಾಗುತ್ತದೆ. ಮುಂದಿನ ಕೆಲಸಕ್ಕೆ ವರ್ಣಮಾಲೆ ಸಾಕು. ಸ್ಟೋನ್ ಪದದಲ್ಲಿ ಪ್ರಾಸದ ಭಾಗ ‘ಓನ್’. ಅದರ ಹಿಂದೆ ಕ ದಿಂದ ಹ ವರೆಗೆ ಒಂದೊಂದೇ ವ್ಯಂಜನ ಕೂಡಿಸುತ್ತ ಹೋಗಲಿ. ಅರ್ಥವಿದ್ದದ್ದು ಉಳಿಯುತ್ತದೆ, ಇಲ್ಲದ್ದು ಹೋಗುತ್ತದೆ. ಕೋನ್, ಝೋನ್, ಟೋನ್, ಫೋನ್, ಬೋನ್, ಲೋನ್. ಆಮೇಲೆ ಒತ್ತಕ್ಷರಗಳನ್ನೂ ಹೀಗೆಯೇ ನೋಡಲಿ: ಥ್ರೋನ್, ಡ್ರೋನ್, ಪ್ರೋನ್, ಗ್ರೋನ್, ಫ್ಲೋನ್. ಕೊನೆಗೆ ಎರಡು ಉಸಿರಿನ ಪದಗಳು: ಅಲೋನ್, ಅನ್‌ನೋನ್. ಇಂಥ ಪದಗಳಲ್ಲಿ ಕೆಲವದರ ಇಂಗ್ಲಿಷ್ ಬರಹ ನೋಡಿದರೆ ಉಳಿದವನ್ನು ಹೋಲುವುದೇ ಇಲ್ಲ. ಸಾಲ ಎಂಬ ಅರ್ಥದ ಲೋನ್‌ನಲ್ಲಿ ನಡುವೆ ಒಂದು ಎ ಕೂತಿದೆ. ಗೊತ್ತಿರುವುದು ಎಂಬ ಅರ್ಥದ ನೋನ್ ಕೆ ಯಿಂದ ಶುರುವಾಗಿ ಒಳಗೆ ಡಬ್ಲ್ಯು ಬಚ್ಚಿಟ್ಟುಕೊಂಡಿದೆ. ಬಟ್ಟೆ ಹೊಲಿದದ್ದು ಎಂಬ ಅರ್ಥದ ಸೋನ್‌ನಲ್ಲಿ ಓ ಎಂಬ ಅಕ್ಷರವೇ ಇಲ್ಲ. ಆದರೂ ಎಲ್ಲವೂ ಪೂರ್ಣ ಪ್ರಾಸ.

ಇಷ್ಟು ಹೇಳಿ ಬಿಟ್ಟರೆ ಅರ್ಧ ಸತ್ಯವಾಗುತ್ತದೆ. ನಮ್ಮ ಲಿಪಿ ಬರೆಯುವುದು ನಾವು ಉಚ್ಚರಿಸುವ ಇಂಗ್ಲಿಷನ್ನು. ಕೋಟೆಗೆ ಫೋರ್ಟ್ ಎನ್ನುತ್ತೇವೆ, ಚಿಕ್ಕದಕ್ಕೆ ಶಾರ್ಟ್ ಎನ್ನುತ್ತೇವೆ. ಒಂದರಲ್ಲಿ ಓ, ಇನ್ನೊಂದರಲ್ಲಿ ಆ. ನಮ್ಮ ಕಿವಿಗೆ ಇವು ಪ್ರಾಸವೇ ಅಲ್ಲ. ಇಂಗ್ಲಿಷ್ ನಿಘಂಟು ತೆರೆದರೆ ಎರಡರ ಸ್ವರವೂ ಒಂದೇ, ಪೂರ್ಣ ಪ್ರಾಸ. ಬಾಲ್ ಮತ್ತು ಡಾಲ್ ಇದಕ್ಕೆ ತಿರುವುಮುರುವು. ಚೆಂಡನ್ನೂ ಬೊಂಬೆಯನ್ನೂ ನಾವು ಒಂದೇ ಸ್ವರದಲ್ಲಿ ಹೇಳುತ್ತೇವೆ, ಲಂಡನ್ನಿನವರು ಒಂದನ್ನು ಎಳೆದು ಒಂದನ್ನು ಮೊಟಕಾಗಿ ಹೇಳುತ್ತಾರೆ. ಇಂಗ್ಲಿಷರು ಫೋರ್ಟ್ ಪದದ ರ ಕಾರವನ್ನು ನುಂಗಿಬಿಡುವುದರಿಂದ ಅವರಲ್ಲಿ ಫೋರ್ಟ್‌ಗೆ ಥಾಟ್ ಕೂಡ ಪ್ರಾಸ. ಅಮೆರಿಕದವರು ರ ಕಾರ ಉಳಿಸಿಕೊಳ್ಳುವುದರಿಂದ ಅವರಲ್ಲಿ ಅಲ್ಲ. ನನ್ನ ಸಲಹೆ ಇಷ್ಟೇ: ಪದ್ಯವನ್ನು ಓದುವುದು ಹೊಸದುರ್ಗದ ಶಾಲೆಯಲ್ಲಿ, ಕೇಳುವವರು ಅಲ್ಲಿಯ ಮಕ್ಕಳು. ಫೋರ್ಟ್‌ಗೆ ಕೋರ್ಟ್, ಪೋರ್ಟ್, ರಿಪೋರ್ಟ್ ಇಟ್ಟುಕೊಂಡರೆ ನಮ್ಮ ಕಿವಿಗೂ ಸರಿ, ನಿಘಂಟಿಗೂ ಸರಿ. ಅಂಥ ಜೋಡಿಗಳನ್ನೇ ಆರಿಸಿಕೊಳ್ಳಲಿ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಕನ್ನಡದ ಮಕ್ಕಳು ಬರೆಯುವ ಇಂಗ್ಲಿಷ್ ಪದ್ಯಗಳಲ್ಲಿ ಸಿಂಗಿಂಗ್, ಡ್ಯಾನ್ಸಿಂಗ್, ಪ್ಲೇಯಿಂಗ್ ಎಂದು ಸಾಲು ಸಾಲಾಗಿ ಬರುತ್ತವೆ, ಎಲ್ಲದರ ಕೊನೆಯಲ್ಲೂ ‘ಇಂಗ್’ ಇದೆಯಲ್ಲ ಎಂಬ ಧೈರ್ಯದಿಂದ. ಇದು ಇಂಗ್ಲಿಷಿನ ಲೆಕ್ಕದಲ್ಲಿ ಪ್ರಾಸವಲ್ಲ. ಆ ಭಾಷೆಯ ಪದಗಳಲ್ಲಿ ಒಂದು ಕಡೆ ಊರಿ ಹೇಳುವ ಜಾಗವಿರುತ್ತದೆ. ಪದದಲ್ಲಿ ಕೊನೆಯದಾಗಿ ಎಲ್ಲಿ ಒತ್ತು ಬೀಳುತ್ತದೋ ಆ ಸ್ವರದಿಂದ ಹಿಡಿದು ಪದದ ತುದಿಯವರೆಗೆ ಎಲ್ಲ ದನಿಗಳೂ ಒಂದೇ ಆಗಿರಬೇಕು, ಅದರ ಹಿಂದಿನ ವ್ಯಂಜನ ಮಾತ್ರ ಬೇರೆ ಇರಬೇಕು. ಪೂರ್ಣ ಪ್ರಾಸವೆಂದರೆ ಇದೇ. ಸಿಂಗಿಂಗ್‌ನಲ್ಲಿ ಒತ್ತು ಮೊದಲ ‘ಸಿಂ’ ಮೇಲಿದೆ. ಹಾಗಾಗಿ ಅದಕ್ಕೆ ರಿಂಗಿಂಗ್, ಬ್ರಿಂಗಿಂಗ್, ಸ್ವಿಂಗಿಂಗ್ ಪ್ರಾಸವೇ ಹೊರತು ಡ್ಯಾನ್ಸಿಂಗ್ ಅಲ್ಲ. ನೇಷನ್–ಸ್ಟೇಷನ್ ಸರಿ, ವಾಟರ್–ಡಾಟರ್ ಸರಿ. ಕಾಮಿಡಿ–ಟ್ರ್ಯಾಜಿಡಿ ಸರಿಯಲ್ಲ. ಕನ್ನಡದಲ್ಲಿ ಇಂಥ ಒತ್ತಿನ ಕಟ್ಟುಪಾಡು ಇಲ್ಲ, ನಮ್ಮದು ಮಾತ್ರೆಯ ಲೆಕ್ಕ, ಗುರು ಲಘುವಿನ ಲೆಕ್ಕ. ಅದಕ್ಕೇ ನಮ್ಮ ಮಕ್ಕಳು ತುದಿಯ ಅಕ್ಷರ ಮಾತ್ರ ನೋಡಿ ಜೋಡಿಸುತ್ತಾರೆ. ಅದು ಬುದ್ಧಿಯ ಕೊರತೆಯಲ್ಲ, ಹೇಳಿಕೊಡದೆ ಇರುವ ಕೊರತೆ.

ಮೊಬೈಲಿನಲ್ಲಿ ಪ್ರಾಸಪದ ಹುಡುಕಿಕೊಡುವ ಸೌಲಭ್ಯಗಳೂ ಈ ನಿಯಮದ ಮೇಲೆಯೇ ನಡೆಯುತ್ತವೆ. 1775ರಲ್ಲಿ ಜಾನ್ ವಾಕರ್ ಎಂಬಾತ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿ ಒಂದು ಪ್ರಾಸ ನಿಘಂಟು ಮಾಡಿದ. ಆದರೆ ಅದು ಬರಹದ ತುದಿಯನ್ನು ಹಿಡಿದದ್ದು. ಸ್ಟೋನ್ ಹತ್ತಿರವೇ ಗಾನ್ ಸಿಗುವಂಥ ಜೋಡಣೆ. ಈಗಿನವು ದನಿಯನ್ನು ಹಿಡಿಯುತ್ತವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 1,34,000ಕ್ಕೂ ಹೆಚ್ಚು ಪದಗಳ ಉಚ್ಚಾರಣೆಯ ಕೋಶವೊಂದನ್ನು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಅದರಲ್ಲಿ ಇಂಗ್ಲಿಷಿನ ಎಲ್ಲ ದನಿಗಳನ್ನು 39 ಗುರುತುಗಳಲ್ಲಿ ಬರೆದು, ಪ್ರತಿ ಸ್ವರದ ಪಕ್ಕ 0, 1, 2 ಎಂದು ಒತ್ತಿನ ಅಂಕಿ ಹಾಕಿದ್ದಾರೆ. ಯಂತ್ರ ಮಾಡುವುದಿಷ್ಟೇ: 1 ಇರುವ ಸ್ವರ ಹುಡುಕುತ್ತದೆ, ಅಲ್ಲಿಂದ ಮುಂದೆ ಯಾವ ಯಾವ ಪದ ಒಂದೇ ಆಗಿದೆ ಎಂದು ಪಟ್ಟಿ ಕೊಡುತ್ತದೆ. ಬಳಸಿಕೊಳ್ಳಲಿ, ತಪ್ಪಿಲ್ಲ. ಆದರೆ ಆ ಕೋಶ ಅಮೆರಿಕದ ಉಚ್ಚಾರಣೆಯದು. ಹೊಳೆಯಿತು ಎಂಬ ಅರ್ಥದ ಪದ ಅಮೆರಿಕದಲ್ಲಿ ‘ಶೋನ್’, ಸ್ಟೋನ್‌ಗೆ ಪ್ರಾಸ. ಬ್ರಿಟನ್ನಿನಲ್ಲಿ ಅದು ‘ಶಾನ್’. ಮೇಷ್ಟ್ರು ಇದನ್ನು ಹೊಡೆದುಹಾಕಿದರೆ ಅವರ ಮೇಲೆ ಸಿಟ್ಟಾಗಬೇಡಿ.

ಈಗ ‘ಹೋಮ್’ ಬಗ್ಗೆ. ಸಮೀಪ ಪ್ರಾಸ ಎಂಬುದು ನಮಗೆ ಹೊಸದಲ್ಲ. ನಮ್ಮ ಹಳೆಯ ಲಾಕ್ಷಣಿಕರು ಪ್ರಾಸದ ಭೇದಗಳನ್ನು ಹೇಳುವಾಗ ವರ್ಗಪ್ರಾಸ, ಸಮೀಪಪ್ರಾಸ ಎಂದು ಹೆಸರಿಟ್ಟೇ ಕರೆದಿದ್ದಾರೆ. ಒಂದೇ ವರ್ಗದ ಅಕ್ಷರಗಳು, ಅಂದರೆ ಕ ಇರಬೇಕಾದಲ್ಲಿ ಗ ಬಂದರೆ ವರ್ಗಪ್ರಾಸ. ದನಿಯಲ್ಲಿ ಹತ್ತಿರವಿರುವ ಅಕ್ಷರಗಳು ಬಂದರೆ ಸಮೀಪಪ್ರಾಸ. ಬಾಯಿಯಲ್ಲಿ ಹುಟ್ಟುವ ಜಾಗವನ್ನು ನೋಡಿ ಅಕ್ಷರಗಳನ್ನು ಸಾಲುಗೊಳಿಸಿದ ವರ್ಣಮಾಲೆ ಇರುವುದರಿಂದ ನಮಗಿದು ಸುಲಭ, ಎ ಬಿ ಸಿ ಡಿ ಕಲಿತವರಿಗೆ ಈ ಅನುಕೂಲವಿಲ್ಲ. ನಿಮ್ಮ ಮಗಳು ಮ ಮತ್ತು ನ ಎಂಬ ಎರಡು ಅನುನಾಸಿಕಗಳನ್ನು ಜೋಡಿಸಿದ್ದಾಳೆ. ಅದೇ ದಾರಿಯಲ್ಲಿ ಫೋರ್ಟ್‌ಗೆ ಬೋರ್ಡ್ ಸಿಗುತ್ತದೆ, ಟ ಗೆ ಡ. ರಾಕ್‌ಗೆ ಫಾಗ್ ಸಿಗುತ್ತದೆ, ಕ ಗೆ ಗ. ಮಳೆಗಾಲದ ಬೆಳಗ್ಗೆ ಜೋಗಿಮಟ್ಟಿಯ ಕಡೆ ನೋಡಿದವರಿಗೆ ಬಂಡೆ ಮತ್ತು ಮಂಜಿನ ಈ ಜೋಡಿ ಬಹಳ ಇಷ್ಟವಾದೀತು.

ಸ್ವರ ಉಳಿಸಿ ವ್ಯಂಜನ ಬದಲಿಸುವುದು ಒಂದು ಬಗೆಯಾದರೆ ವ್ಯಂಜನ ಉಳಿಸಿ ಸ್ವರ ಬದಲಿಸುವುದು ಇನ್ನೊಂದು. ಸ್ಟೋನ್‌ಗೆ ರೇನ್, ಸನ್, ಸ್ಟೇನ್. ಅಮೆರಿಕದ ಎಮಿಲಿ ಡಿಕಿನ್ಸನ್ 19ನೆಯ ಶತಮಾನದಲ್ಲಿ ಇಂಥ ಓರೆ ಪ್ರಾಸಗಳನ್ನು ಧಾರಾಳವಾಗಿ ಬಳಸಿದಳು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕಂಡದ್ದನ್ನು ಬರೆದ ವಿಲ್ಫ್ರೆಡ್ ಓವೆನ್ ಪದದ ಹಿಂದು ಮುಂದಿನ ವ್ಯಂಜನಗಳೆರಡನ್ನೂ ಇಟ್ಟುಕೊಂಡು ನಡುವಣ ಸ್ವರವನ್ನು ಮಾತ್ರ ಕದಲಿಸುತ್ತಿದ್ದ, ಸ್ಟೋನ್–ಸ್ಟೇನ್ ಎಂಬ ರೀತಿಯಲ್ಲಿ. ಸಾವಿನ ಬಗ್ಗೆ ಬರೆದ ಪದ್ಯಕ್ಕೆ ಇಂಪಾದ ಪೂರ್ಣ ಪ್ರಾಸ ಹೊಂದುವುದಿಲ್ಲ, ಆ ಕದಲಿದ ಪ್ರಾಸದ ಕಸಿವಿಸಿಯೇ ಅಲ್ಲಿ ಅರ್ಥ. 1918ರ ನವೆಂಬರ್ 4ರಂದು, ಯುದ್ಧ ನಿಲ್ಲುವುದಕ್ಕೆ ಒಂದು ವಾರ ಮೊದಲು, 25ನೆಯ ವಯಸ್ಸಿನಲ್ಲಿ ಆತ ಸತ್ತ. ಬರೀ ಸ್ವರ ಹೊಂದಿ ವ್ಯಂಜನ ಪೂರ್ತಿ ಬೇರೆಯಾದದ್ದು, ಸ್ಟೋನ್–ಹೋಪ್ ಥರದ್ದು, ಮೂರನೆಯ ಬಗೆ. ಅದು ತುಂಬ ಸಡಿಲ. ಎಂಟೇ ಸಾಲಿನ ಪದ್ಯದಲ್ಲಿ ಬೇಡ ಎನ್ನುತ್ತೇನೆ.

ಕನ್ನಡದವರಾಗಿ ನಾವು ನೆನಪಿಡಬೇಕಾದ ಮಾತೊಂದಿದೆ. ಇಂಗ್ಲಿಷಿನವರು ಅರೆಬರೆ ಎಂದು ಕರೆಯುವ ಪ್ರಾಸವೇ ನಮ್ಮಲ್ಲಿ ಸಾವಿರ ವರ್ಷ ಪೂರ್ಣ ಪ್ರಾಸವಾಗಿತ್ತು. ಹಳೆಯ ಕನ್ನಡ ಕಾವ್ಯದ ಪ್ರಾಸ ಸಾಲಿನ ತುದಿಯಲ್ಲಲ್ಲ, ತಲೆಯಲ್ಲಿ. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅದರ ಸ್ವರ ಏನಾದರೂ ಆಗಲಿ. ಗಿರಿ, ಮರ, ತೆರೆ, ಕುರು ಎಂದು ನಾಲ್ಕು ಸಾಲು ಶುರುವಾದರೆ ರ ಕಾರ ನಿಂತಿದೆ, ಪ್ರಾಸ ಗಟ್ಟಿ. ಸ್ವರಗಳು ಮಾತ್ರ ಎಲ್ಲೆಲ್ಲೋ. ಅಂದರೆ ವ್ಯಂಜನ ಉಳಿಸಿ ಸ್ವರ ಬಿಡುವುದು. 9ನೆಯ ಶತಮಾನದ ಕವಿರಾಜಮಾರ್ಗದಲ್ಲೇ ಪ್ರಾಸದ ಚರ್ಚೆ ಇದೆ. 10ನೆಯ ಶತಮಾನದ ಕೊನೆಗೆ ನಾಗವರ್ಮ ಹೆಂಡತಿಗೆ ಪಾಠ ಹೇಳುವ ರೀತಿಯಲ್ಲಿ ಬರೆದ ಛಂದೋಂಬುಧಿಯಲ್ಲಿ ಆ ಎರಡನೆಯ ಅಕ್ಷರದ ಹಿಂದೆ ಮುಂದೆ ಏನಿದೆ ಎಂಬುದರ ಮೇಲೆ ಆರು ಪ್ರಾಸ ಹೇಳಿದ್ದಾನೆ: ಹಿಂದಿನ ಸ್ವರ ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ಬೇರೆ ವ್ಯಂಜನದ ಒತ್ತು ಸೇರಿದರೆ ಶರಭ, ತನ್ನದೇ ಒತ್ತು ಸೇರಿದರೆ ಹಯ. ಒಂದು ಪದ್ಯದಲ್ಲಿ ಸಿಂಹ ಹಿಡಿದವನು ಕೊನೆಯವರೆಗೂ ಸಿಂಹವನ್ನೇ ಹಿಡಿಯಬೇಕು.

ಇದನ್ನು ನಿಮ್ಮ ಜಿಲ್ಲೆಯ ಆರು ತಾಲ್ಲೂಕುಗಳ ಮೇಲೆಯೇ ಮಗಳಿಗೆ ಹೇಳಿಕೊಡಬಹುದು. ಹೊಳಲ್ಕೆರೆ ಮತ್ತು ಮೊಳಕಾಲ್ಮೂರು ತಲೆಯಲ್ಲಿ ಸರಿಯಾಗಿ ಕೂಡುತ್ತವೆ: ಹ್ರಸ್ವದ ಮುಂದೆ ಳ, ಸಿಂಹಪ್ರಾಸ. ಚಳ್ಳಕೆರೆಯಲ್ಲೂ ಳ ಇದೆ, ಆದರೆ ಒತ್ತು ಬಿದ್ದು ಳ್ಳ ಆಗಿದೆ. ಅದು ಹಯ, ಇವುಗಳ ಜೊತೆ ಸೇರದು. ಚಿತ್ರದುರ್ಗದ ‘ತ್ರ’ ಶರಭ, ಅದಕ್ಕೆ ಮಿತ್ರ, ಪತ್ರ, ಕ್ಷೇತ್ರಗಳಲ್ಲಿ ಮೊದಲೆರಡು ಒಗ್ಗುತ್ತವೆ, ಕ್ಷೇತ್ರದ ಮೊದಲ ಸ್ವರ ದೀರ್ಘವಾದ್ದರಿಂದ ಹಳೆಯ ಕಿವಿಯವರು ತಕರಾರು ತೆಗೆದಾರು. ಈಗ ಬಾಲದ ಕಡೆ ಬನ್ನಿ. ಹಿರಿಯೂರು ಮತ್ತು ಮೊಳಕಾಲ್ಮೂರು: ಯೂರು, ಮೂರು. ಹಿಂದಿನ ವ್ಯಂಜನ ಬೇರೆ, ಅಲ್ಲಿಂದಾಚೆ ಎಲ್ಲ ಒಂದೇ. ಇಂಗ್ಲಿಷಿನ ಅಳತೆಯಲ್ಲೂ ಪೂರ್ಣ ಪ್ರಾಸ. ಆದರೆ ಚಿತ್ರದುರ್ಗ–ಹೊಸದುರ್ಗ ಆ ಅಳತೆಯಲ್ಲಿ ಪ್ರಾಸವಾಗುವುದಿಲ್ಲ. ಅಲ್ಲಿ ದುರ್ಗ ಎಂಬ ಪದವೇ ಎರಡು ಸಲ ಬಂದಿದೆ. ಹೊಳಲ್ಕೆರೆ–ಚಳ್ಳಕೆರೆಯ ಕೆರೆಯೂ ಹಾಗೆಯೇ. ಇಂಗ್ಲಿಷಿನಲ್ಲಿ ಸಾಲದ ಲೋನ್‌ಗೆ ಒಂಟಿತನದ ಲೋನ್ ಇಟ್ಟರೂ ಇದೇ ದೋಷ, ದನಿ ಪೂರ್ತಿ ಒಂದೇ ಆಗಿಬಿಡುತ್ತದೆ.

ತಲೆಯ ಪ್ರಾಸದಿಂದ ಬಾಲದ ಪ್ರಾಸಕ್ಕೆ ಕನ್ನಡ ಹೊರಳಿದ ಕಥೆಯಲ್ಲಿ ಇಂಗ್ಲಿಷಿನ ಪಾಲು ಇದೆ. ರಗಳೆಗಳಲ್ಲಿ ಅಂತ್ಯಪ್ರಾಸ ಮೊದಲೇ ಇತ್ತು ನಿಜ. ಆದರೆ ಎರಡನೆಯ ಅಕ್ಷರದ ಪ್ರಾಸವಿಲ್ಲದೆ ಪದ್ಯವೇ ಇಲ್ಲ ಎಂಬ ನಂಬಿಕೆ ಬಲವಾಗಿತ್ತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆ ಪ್ರಾಸವನ್ನು ಬಿಟ್ಟು ಬರೆದರು, ಸಾಕಷ್ಟು ಟೀಕೆಯನ್ನೂ ಕೇಳಿದರು. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬಂತು. ಅದರಲ್ಲಿ ಇಂಗ್ಲಿಷ್ ಪದ್ಯಗಳ ತುದಿಪ್ರಾಸ ಕನ್ನಡದ ಮೈಗೆ ಒಗ್ಗಿ ನಿಂತಿತು. ಮುಂದೆ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದಾಗ ತಲೆಯ ಪ್ರಾಸ, ಬಾಲದ ಪ್ರಾಸ ಎರಡರ ಕಟ್ಟನ್ನೂ ಬಿಚ್ಚಿದರು. ಆ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು ನಿಮ್ಮ ಜಿಲ್ಲೆಯ ತಳುಕಿನವರು. ಅದೇ ತಳುಕಿನ ಮನೆತನದ ತರಾಸು ದುರ್ಗದ ಇತಿಹಾಸದ ಕಾದಂಬರಿಗಳಿಗೆ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’ ಎಂದು ಹೆಸರಿಟ್ಟಾಗ ಕ ಕ್ಕೆ ಕ, ರ ಕ್ಕೆ ರ ಕೂಡಿಸಿದ್ದಾರೆ. ಇದು ಇನ್ನೊಂದು ಜಾತಿ, ಪದಗಳ ಮೊದಲ ದನಿಯ ಹೊಂದಿಕೆ. ಇಂಗ್ಲಿಷಿನ ಅತಿ ಹಳೆಯ ಕಾವ್ಯ ನಿಂತಿದ್ದೂ ಅದರ ಮೇಲೆಯೇ. ನಿಮ್ಮ ಮಗಳು ತುದಿಪ್ರಾಸ ಸಿಗದ ಸಾಲಿನಲ್ಲಿ ಇದನ್ನು ಧೈರ್ಯವಾಗಿ ಬಳಸಬಹುದು.

ನಿಮ್ಮ ಪತ್ರದ ಕೊನೆಯ ವಾಕ್ಯ ನನ್ನನ್ನು ಸ್ವಲ್ಪ ಕಲಕಿತು, ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಅಷ್ಟಾಗಿ ಬಾರದು ಎಂದದ್ದು. ಪ್ರಾಸಕ್ಕೆ ಬೇಕಾದದ್ದು ಕಿವಿ, ಅದು ಓದು ಬರಹದಿಂದ ಬರುವುದಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ ಬರೆದುಕೊಂಡು ಪುಸ್ತಕವಾಗಿಸಿದರು. ಅಷ್ಟು ಹಾಡು ಒಂದು ತಲೆಯಲ್ಲಿ ನಿಲ್ಲಬೇಕಾದರೆ ಪ್ರಾಸವೂ ಲಯವೂ ಮುಂದಿನ ಸಾಲನ್ನು ಎಳೆದು ತರುತ್ತಿರಬೇಕು. ನಿಮ್ಮ ಮನೆಯಲ್ಲೂ ಸೋಬಾನೆ ಹೇಳುವ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಮಗಳನ್ನು ಅವರ ಹತ್ತಿರ ಕೂರಿಸಿ. ಹೇಗೂ ಸಾಣೇಹಳ್ಳಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ನವೆಂಬರಿನ ನಾಟಕೋತ್ಸವಕ್ಕೆ ಕರೆದುಕೊಂಡು ಹೋಗಿ, ರಂಗಗೀತೆಗಳನ್ನು ಕೇಳಲಿ. ಅಲ್ಲಿ ಪಳಗಿದ ಕಿವಿ ಇಂಗ್ಲಿಷಿಗೂ ಕೆಲಸಕ್ಕೆ ಬರುತ್ತದೆ.

ಇನ್ನು ಪದ್ಯಕ್ಕೆ ಬರೋಣ. ಪಟ್ಟಿಯಲ್ಲಿ ಸಿಕ್ಕಿದ ಪದಗಳಲ್ಲಿ ಫೋನ್, ಲೋನ್, ಡ್ರೋನ್ ಎಲ್ಲ ಪ್ರಾಸವೇ, ಆದರೆ ಕೋಟೆಯ ಪದ್ಯಕ್ಕೆ ಅವುಗಳಿಂದ ಆಗಬೇಕಾದ್ದು ಏನೂ ಇಲ್ಲ. ಪ್ರಾಸ ಸಿಕ್ಕಿತೆಂದು ಸಂಬಂಧವಿಲ್ಲದ ಪದವನ್ನು ತಂದು ಕೂರಿಸುವುದು ಎಷ್ಟೋ ಒಳ್ಳೆಯ ಪದ್ಯಗಳನ್ನು ಕೆಡಿಸಿದೆ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಕಿಂಡಿಯ ಮುಂದೆ ಒನಕೆ ಹಿಡಿದು ಒಬ್ಬಳೇ ನಿಂತ ಓಬವ್ವನಿಗೆ ‘ಅಲೋನ್’ ಇದೆ. 1779ರಲ್ಲಿ ಹೈದರಾಲಿಯ ಕೈಗೆ ಬಿದ್ದ ದುರ್ಗಕ್ಕೆ, ಮದಕರಿ ನಾಯಕ ಕಳೆದುಕೊಂಡ ಗದ್ದುಗೆಗೆ ‘ಥ್ರೋನ್’ ಇದೆ. ಇವೆರಡೂ ಸ್ಟೋನ್‌ಗೆ ಪೂರ್ಣ ಪ್ರಾಸ, ಎರಡೂ ಕೋಟೆಯೊಳಗಿನವೇ. ‘ಹೋಮ್’ ಬಿಡಲು ಮನಸ್ಸಿಲ್ಲದಿದ್ದರೆ ಬಿಡಬೇಕಾಗಿಲ್ಲ. ಆದರೆ ಉಳಿದ ಸಾಲುಗಳಲ್ಲೆಲ್ಲ ಪೂರ್ಣ ಪ್ರಾಸವಿದ್ದು ಒಂದೇ ಕಡೆ ಸಮೀಪ ಪ್ರಾಸ ಬಂದರೆ ಅದು ಕೈತಪ್ಪಿ ಬಿದ್ದಂತೆ ಕಾಣುತ್ತದೆ. ಇನ್ನೊಂದು ಜೋಡಿಯನ್ನೂ, ರಾಕ್–ಫಾಗ್ ಥರದ್ದನ್ನು, ಹಾಗೆಯೇ ಇಡಲಿ. ಆಗ ಇದು ಬೇಕೆಂದೇ ಮಾಡಿದ್ದು ಎಂದು ಓದುವವರಿಗೆ ತಿಳಿಯುತ್ತದೆ.

ಮೇಷ್ಟ್ರಿಗೆ ಎದುರು ಮಾತಾಡಿದ ಹಾಗಾಗಬಾರದು. ‘ಸಾರ್, ಇದನ್ನು ಸಮೀಪ ಪ್ರಾಸ ಅಂತ ಇಟ್ಟಿದ್ದೀನಿ, ಆಗುತ್ತಾ?’ ಎಂದು ಕೇಳಲಿ. ಒಪ್ಪಿದರೆ ‘ಹೋಮ್’ ಇರಲಿ, ಒಪ್ಪದಿದ್ದರೆ ‘ಅಲೋನ್’ ಇದ್ದೇ ಇದೆ. ಸಂಚಿಕೆ ಅಚ್ಚಾದ ಮೇಲೆ ಆ ಎಂಟು ಸಾಲನ್ನು ನಮಗೂ ಕಳಿಸಿಕೊಡಿ.